ಮೊದಲ ಗುಂಡು, ಮೊದಲ ಸುದ್ದಿ: 1775ರ ಮ್ಯಾಸಚೂಸೆಟ್ಸ್

1775ರ ಏಪ್ರಿಲ್ 19ರಂದು, ಸೂರ್ಯ ಮೂಡುವ ಹೊತ್ತಿನಲ್ಲಿ, ಮ್ಯಾಸಚೂಸೆಟ್ಸ್ ವಸಾಹತಿನ ಲೆಕ್ಸಿಂಗ್ಟನ್ ಎಂಬ ಊರಿನ ಹುಲ್ಲುಬಯಲಿನಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಮೊದಲ ಗುಂಡು ಹಾರಿಸಿದವರು ಯಾರು? ಈ ಪ್ರಶ್ನೆಗೆ ಇವತ್ತಿಗೂ ಖಚಿತ ಉತ್ತರ ಇಲ್ಲ. ಇಂಗ್ಲಿಷ್ ಸಿಪಾಯಿಯೊಬ್ಬ ಹಾರಿಸಿದನೋ, ಗೋಡೆಯ ಮರೆಯಲ್ಲಿದ್ದ ಊರಿನವನೋ, ಪಕ್ಕದ ಹೆಂಡದಂಗಡಿಯ ಕಡೆಯಿಂದ ಬಂತೋ, ಯಾರ ಕೈಯಲ್ಲೋ ಕೋವಿ ತಾನಾಗಿಯೇ ಸಿಡಿಯಿತೋ, ಇತಿಹಾಸಕಾರರು ಇನ್ನೂರೈವತ್ತು ವರ್ಷದಿಂದ ಜಗ್ಗಾಡುತ್ತಲೇ ಇದ್ದಾರೆ. ಆದರೆ ಅದೇ ವರ್ಷದ ಮೇ ತಿಂಗಳು ಮುಗಿಯುವಷ್ಟರಲ್ಲಿ ಅಮೆರಿಕದ ವಸಾಹತುಗಳ ಊರೂರಿನಲ್ಲೂ ಉತ್ತರ ತಯಾರಿತ್ತು: ದೊರೆಯ ಸೈನಿಕರೇ ಹಾರಿಸಿದರು, ಚದುರಿ ಹೋಗುತ್ತಿದ್ದವರ ಬೆನ್ನಿಗೆ ಹಾರಿಸಿದರು. ಲಂಡನ್ನಿನ ಪತ್ರಿಕೆಗಳಿಗೂ ಮೊದಲು ತಲುಪಿದ್ದು ಈ ಉತ್ತರವೇ.

ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಎಲ್ಲರಿಗೂ ಗೊತ್ತಿರುವ ಸಂಗತಿಯಾಗಿದ್ದು ಹೇಗೆ? ದಂಗೆಯ ಮೊದಲ ಕಾಳಗ ಜನರ ಮನಸ್ಸನ್ನು ತಿರುಗಿಸುತ್ತದೆ ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಕಾಳಗಕ್ಕೆ ಕೈಕಾಲಿಲ್ಲ, ಅದು ತಾನಾಗಿ ಮುನ್ನೂರು ಮೈಲಿ ನಡೆದು ಹೋಗುವುದಿಲ್ಲ. ಯಾರೋ ಬರೆಯಬೇಕು, ಯಾರೋ ಕುದುರೆ ಹತ್ತಬೇಕು, ಯಾರೋ ಅಚ್ಚುಮೊಳೆ ಜೋಡಿಸಬೇಕು. ಆ ಕೆಲಸದ ವಿವರಗಳಲ್ಲೇ ಇವತ್ತಿನ ವಿಷಯ ಇದೆ.

ಹಿನ್ನೆಲೆ ನಿಮಗೆ ಗೊತ್ತೇ ಇದೆ. 1773ರ ಡಿಸೆಂಬರಿನಲ್ಲಿ ಬೋಸ್ಟನ್ ಬಂದರಿನಲ್ಲಿ ಇಂಗ್ಲೆಂಡಿನ ತೆರಿಗೆಗೆ ಸಿಟ್ಟಾದ ಊರಿನವರು ಚಹಾ ಪೆಟ್ಟಿಗೆಗಳನ್ನು ನೀರಿಗೆ ಚೆಲ್ಲಿದರು. ಅದಕ್ಕೆ ದಂಡನೆಯಾಗಿ 1774ರ ಜೂನ್ 1ರಿಂದ ಇಂಗ್ಲೆಂಡಿನ ಸರ್ಕಾರ ಬಂದರನ್ನು ಮುಚ್ಚಿತು. ಜನರಲ್ ಥಾಮಸ್ ಗೇಜ್ ಸೇನಾಪತಿಯೂ ಹೌದು, ಗವರ್ನರ್ ಕೂಡ ಆಗಿ ಬಂದ. ಇಷ್ಟು ಸಾಕು. ನಾನು ನಿಲ್ಲಬೇಕೆಂದಿರುವುದು 1774ರ ಸೆಪ್ಟೆಂಬರ್ 1ರಲ್ಲಿ, ಏಕೆಂದರೆ ಏಪ್ರಿಲ್ 19ರ ತಾಲೀಮು ಅವತ್ತೇ ನಡೆದುಹೋಯಿತು.

ಅಂದು ಬೆಳಗಿನ ಜಾವ ಗೇಜ್ ಕಳಿಸಿದ ಸೈನಿಕರು ಬೋಸ್ಟನ್ನಿನ ಹೊರಗಿದ್ದ ಕಲ್ಲಿನ ಮದ್ದಿನಮನೆಯಿಂದ 250 ಅರೆಪೀಪಾಯಿ ಸಿಡಿಮದ್ದನ್ನು ತೆಗೆದುಕೊಂಡು ಹೋದರು. ಒಂದು ಗುಂಡೂ ಹಾರಲಿಲ್ಲ, ಯಾರ ಮೈಮೇಲೂ ಗೀರು ಬೀಳಲಿಲ್ಲ. ಮದ್ದು ಕಾನೂನಿನ ಪ್ರಕಾರ ದೊರೆಯದ್ದೇ. ಆದರೆ ಸುದ್ದಿ ಮಧ್ಯಾಹ್ನಕ್ಕೆ ಬೆಳೆಯಿತು, ಸಂಜೆಗೆ ಕೊಬ್ಬಿತು. ಆರು ಜನ ಸತ್ತರಂತೆ, ಹಡಗಿನ ಫಿರಂಗಿಗಳು ಬೋಸ್ಟನ್ನನ್ನು ಸುಡುತ್ತಿವೆಯಂತೆ. ಮಾರನೆಯ ದಿನ ಕೇಂಬ್ರಿಜ್‌ನಲ್ಲಿ ಸುಮಾರು 4,000 ಜನ ಸೇರಿದ್ದರು, ಅದಕ್ಕಿಂತ ಎಷ್ಟೋ ಹೆಚ್ಚು ಮಂದಿ ದೂರದ ಊರುಗಳಿಂದ ದಾರಿಯಲ್ಲಿದ್ದರು. ಫಿಲಡೆಲ್ಫಿಯಾದಲ್ಲಿ ಆಗತಾನೆ ಸೇರಿದ್ದ ಮೊದಲ ಕಾಂಗ್ರೆಸ್ಸಿಗೂ, ಅಂದರೆ ವಸಾಹತುಗಳ ಪ್ರತಿನಿಧಿಗಳ ಸಭೆಗೂ, ಬೋಸ್ಟನ್ ಉರಿಯುತ್ತಿದೆ ಎಂಬ ಸುದ್ದಿ ಮುಟ್ಟಿತು. ಅದು ಸುಳ್ಳೆಂದು ತಿಳಿಯಲು ಇನ್ನೆರಡು ದಿನ ಬೇಕಾಯಿತು.

ಈ ಸುಳ್ಳಿನಿಂದ ಎರಡು ಕಡೆಯವರೂ ಪಾಠ ಕಲಿತರು, ಬೇರೆ ಬೇರೆ ಪಾಠ. ಸಾವಿರಗಟ್ಟಲೆ ಜನ ಕೋವಿ ಹಿಡಿದು ಬರುತ್ತಾರೆ ಅನ್ನುವುದು ಗೇಜ್‌ಗೆ ಗೊತ್ತಾಯಿತು, ಅವನು ಬೋಸ್ಟನ್ನಿಗೆ ಹೋಗುವ ಭೂಸಂಧಿಯಲ್ಲಿ ಕೋಟೆಗೋಡೆ ಬಲಪಡಿಸಿದ, ಇನ್ನಷ್ಟು ಪಡೆ ಕಳಿಸಿ ಎಂದು ಲಂಡನ್ನಿಗೆ ಬರೆದ. ವಸಾಹತಿನ ಮುಖಂಡರಿಗೆ ಕಂಡದ್ದು ಬೇರೆ. ಜನ ಬರುತ್ತಾರೆ ನಿಜ, ಆದರೆ ಗಾಳಿಸುದ್ದಿಗೆ ಬಂದ ಜನರನ್ನು ಹಿಡಿದಿಡುವುದು ಕಷ್ಟ. ಎರಡು ಸಲ ‘ತೋಳ ಬಂತು’ ಎಂದು ಕೂಗಿದರೆ ಮೂರನೆಯ ಸಲ ಯಾರೂ ಬರುವುದಿಲ್ಲ. ಹಾಗಾಗಿ ಅವರು ಸುದ್ದಿಗೆ ಒಂದು ಶಿಸ್ತು ತಂದರು. ಯಾವ ಊರಿನಿಂದ ಯಾವ ಊರಿಗೆ ಯಾರು ಸವಾರಿ ಹೋಗಬೇಕು, ಎಲ್ಲಿ ಗಂಟೆ ಬಾರಿಸಬೇಕು ಎಂಬ ಏರ್ಪಾಡಾಯಿತು. ಊರಿನ ಮಿಲಿಷಿಯಾದಿಂದ, ಅಂದರೆ ಊರಿನವರೇ ಕೋವಿ ಹಿಡಿದು ನಿಲ್ಲುವ ಪಡೆಯಿಂದ, ಒಂದು ಪಾಲನ್ನು ಆರಿಸಿ ಕರೆದ ನಿಮಿಷಕ್ಕೆ ಹೊರಡುವ ತುಕಡಿಗಳನ್ನು ಕಟ್ಟಿದರು.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ರಾಂತೀಯ ಕಾಂಗ್ರೆಸ್, ಅಂದರೆ ಮ್ಯಾಸಚೂಸೆಟ್ಸ್ ಮುಖಂಡರು ತಾವೇ ಕಟ್ಟಿಕೊಂಡ ಸಭೆ, 1775ರ ಮಾರ್ಚ್ 30ರಂದು ಮಾಡಿದ ಒಂದು ಠರಾವು. ಗೇಜ್‌ನ ಪಡೆ 500 ಅಥವಾ ಹೆಚ್ಚು ಸಂಖ್ಯೆಯಲ್ಲಿ, ಫಿರಂಗಿ ಮತ್ತು ಸಾಮಾನು ಸರಂಜಾಮಿನ ಸಮೇತ ಬೋಸ್ಟನ್ನಿನಿಂದ ಹೊರಬಿದ್ದರೆ ಮಾತ್ರ ಪ್ರಾಂತ್ಯದ ದಂಡು ಸೇರಬೇಕು. ಸೇರಿದರೂ ಆತ್ಮರಕ್ಷಣೆಗಷ್ಟೇ ನಿಲ್ಲಬೇಕು. ಎಷ್ಟು ಜನ ಬಂದರೆ ದಂಡೆತ್ತಬೇಕು ಎಂಬುದಕ್ಕೆ ಒಂದು ಅಂಕಿ! ಬೋಸ್ಟನ್ನಿನ ಮುಖಂಡ ಸ್ಯಾಮ್ಯುಯೆಲ್ ಆಡಮ್ಸ್ ಆ ದಿನಗಳಲ್ಲಿ ಗೆಳೆಯರಿಗೆ ಬರೆದ ಮಾತಿನ ತಾತ್ಪರ್ಯವೂ ಇದೇ: ಎದುರಾಳಿಯನ್ನು ತಪ್ಪಿನಲ್ಲಿ ನಿಲ್ಲಿಸು, ಅಲ್ಲಿಂದ ಅವನು ಅಲುಗಾಡದಂತೆ ನೋಡಿಕೊ. ಅಂದರೆ ‘ಮೊದಲ ಪೆಟ್ಟು ಅವರದ್ದು’ ಎಂಬ ಕಥೆಗೆ ಚೌಕಟ್ಟು ಮೊದಲೇ ಇತ್ತು. ಘಟನೆ ಬಂದು ಕೂರಬೇಕಿತ್ತು, ಅಷ್ಟೆ.

ಘಟನೆ ಬಂತು. ಏಪ್ರಿಲ್ 18ರ ರಾತ್ರಿ ಸುಮಾರು 700 ಸೈನಿಕರು ದೋಣಿಗಳಲ್ಲಿ ಚಾರ್ಲ್ಸ್ ನದಿ ದಾಟಿದರು. ಗುರಿ, ಕಾಂಕರ್ಡ್ ಊರಿನಲ್ಲಿ ಬಚ್ಚಿಟ್ಟಿದ್ದ ಮದ್ದುಗುಂಡು. ಮುಂದಾಳು ಲೆಫ್ಟಿನೆಂಟ್ ಕರ್ನಲ್ ಫ್ರಾನ್ಸಿಸ್ ಸ್ಮಿತ್, ಮುಂಚೂಣಿಗೆ ಮೇಜರ್ ಜಾನ್ ಪಿಟ್‌ಕೇರ್ನ್. ದಾರಿಯಲ್ಲಿ ಲೆಕ್ಸಿಂಗ್ಟನ್. ಅಲ್ಲಿ ಕ್ಯಾಪ್ಟನ್ ಜಾನ್ ಪಾರ್ಕರ್ ಜೊತೆ ಎಪ್ಪತ್ತು ಚಿಲ್ಲರೆ ಜನ ನಿಂತಿದ್ದರು. ಅಧಿಕಾರಿಗಳು ಕೂಗಿದರು, ಇವರು ಚದುರತೊಡಗಿದರು, ಎಲ್ಲೋ ಒಂದು ಸದ್ದಾಯಿತು, ಆಮೇಲೆ ಸೈನಿಕರ ಸಾಲು ಅಪ್ಪಣೆಯಿಲ್ಲದೆ ಗುಂಡಿನ ಮಳೆಗರೆಯಿತು. ಊರಿನವರಲ್ಲಿ 8 ಸಾವು, 10 ಗಾಯ. ಸೈನಿಕರಲ್ಲಿ ಒಬ್ಬನಿಗೆ ಗಾಯ.

‘ಎಲ್ಲೋ ಒಂದು ಸದ್ದಾಯಿತು’ ಅಂದೆ. ಅಷ್ಟು ಜನ ನೋಡುತ್ತಿದ್ದರೂ ಯಾರಿಗೂ ಏಕೆ ಗೊತ್ತಾಗಲಿಲ್ಲ? ಇದಕ್ಕೆ ಆ ಕಾಲದ ಕೋವಿಯನ್ನು ನೋಡಬೇಕು. ಕಾಗದದ ತೋಟಾವನ್ನು ಹಲ್ಲಿನಲ್ಲಿ ಹರಿಯಬೇಕು. ಚಿಟಿಕೆ ಮದ್ದನ್ನು ನಳಿಗೆಯ ಪಕ್ಕದ ಪುಟ್ಟ ಬಟ್ಟಲಿಗೆ ಸುರಿದು ಮುಚ್ಚಬೇಕು. ಉಳಿದ ಮದ್ದು, ಗುಂಡು, ಕಾಗದ ಎಲ್ಲವನ್ನೂ ನಳಿಗೆಯ ಬಾಯಿಗೆ ಹಾಕಿ ಕಬ್ಬಿಣದ ಸರಳಿನಿಂದ ಗಿಡಿಯಬೇಕು. ಕುದುರೆ ಒತ್ತಿದರೆ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಬಟ್ಟಲಿಗೆ ಬೀಳುತ್ತದೆ, ಅಲ್ಲಿಂದ ಸಣ್ಣ ತೂತಿನ ಮೂಲಕ ಬೆಂಕಿ ಒಳಗೆ ಹೋಗಬೇಕು. ಎಷ್ಟೋ ಸಲ ಹೋಗುವುದೇ ಇಲ್ಲ. ಬಟ್ಟಲಿನಲ್ಲಿ ಮಾತ್ರ ಭಗ್ ಎಂದು ಉರಿದು ಹೊಗೆ ಏಳುತ್ತದೆ, ಗುಂಡು ಒಳಗೇ ಉಳಿಯುತ್ತದೆ. ದೂರದಿಂದ ನೋಡಿದವನಿಗೆ ಅದು ಹಾರಿದ ಗುಂಡೇ. ಊರಿನವರಲ್ಲಿ ಒಬ್ಬನ ಕೋವಿ ಹಾಗೆ ಬರಿದೇ ಉರಿಯಿತು ಎಂದು ಇಂಗ್ಲಿಷ್ ಕಡೆಯಿಂದ ಹೇಳಿಕೆ ಇದೆ. ಒಂದೇ ಸಲ ನೂರಾರು ಕೋವಿಗಳಿಂದ ದಟ್ಟ ಬಿಳಿ ಹೊಗೆ ಎದ್ದ ಮೇಲಂತೂ ಪಕ್ಕದವನೂ ಕಾಣುವುದಿಲ್ಲ. ಪ್ರಾಮಾಣಿಕರಾದ ಇಬ್ಬರು ಸಾಕ್ಷಿಗಳು ಎರಡು ವಿರುದ್ಧ ಮಾತು ಹೇಳಲು ಇಷ್ಟು ಸಾಕು.

ಅಲ್ಲಿಂದ ಪಡೆ ಕಾಂಕರ್ಡ್‌ಗೆ ಹೋಯಿತು. ಸಿಕ್ಕ ಫಿರಂಗಿ ಬಂಡಿಗಳನ್ನು ಊರ ನಡುವೆ ಸುಟ್ಟರು. ಉತ್ತರ ಸೇತುವೆಯ ಆಚೆ ದಿಣ್ಣೆಯ ಮೇಲೆ ಸೇರಿದ್ದ ನಾನೂರರಷ್ಟು ಜನರಿಗೆ ಕಂಡದ್ದು ಬರೀ ಹೊಗೆ. ‘ಊರಿಗೇ ಬೆಂಕಿ ಇಟ್ಟರು’ ಎಂದುಕೊಂಡು ಇಳಿದು ಬಂದರು. ಸೇತುವೆ ಕಾಯುತ್ತಿದ್ದ ಸೈನಿಕರು ಗುಂಡು ಹಾರಿಸಿದರು, ಆಕ್ಟನ್ ಊರಿನ ಕ್ಯಾಪ್ಟನ್ ಐಸಾಕ್ ಡೇವಿಸ್ ಬಿದ್ದ. ಮೇಜರ್ ಜಾನ್ ಬಟ್ರಿಕ್ ಅಪ್ಪಣೆ ಕೊಟ್ಟ, ಇವರೂ ಹಾರಿಸಿದರು. ದೊರೆಯ ಸೈನಿಕರ ಮೇಲೆ ಅಪ್ಪಣೆಯ ಮೇರೆಗೆ ಹಾರಿದ ಮೊದಲ ಗುಂಡು ಅದು. ಮರಳುವ ದಾರಿಯಲ್ಲಿ ಕಲ್ಲುಗೋಡೆ, ಮರ, ಮನೆಗಳ ಮರೆಯಿಂದ ಮೈಲಿಗಟ್ಟಲೆ ಹೊಡೆತ ಬಿತ್ತು. ಲಾರ್ಡ್ ಪರ್ಸಿ ಸುಮಾರು ಸಾವಿರ ಜನರನ್ನೂ ಎರಡು ಫಿರಂಗಿಗಳನ್ನೂ ತಂದು ಲೆಕ್ಸಿಂಗ್ಟನ್ನಿನಲ್ಲಿ ಎದುರಾಗದಿದ್ದರೆ ಸ್ಮಿತ್‌ನ ಪಡೆ ಪೂರ್ತಿ ನಾಶವಾಗುತ್ತಿತ್ತು. ಇವತ್ತು ಆರ್ಲಿಂಗ್ಟನ್ ಎನ್ನುವ, ಆಗಿನ ಮೆನೊಟಮಿಯಲ್ಲಿ ಮನೆಮನೆಯೊಳಗೂ ಕಾದಾಟವಾಯಿತು. ದಿನದ ಲೆಕ್ಕ: ಇಂಗ್ಲಿಷ್ ಕಡೆ 73 ಸಾವು, 174 ಗಾಯ, 26 ಜನ ನಾಪತ್ತೆ. ವಸಾಹತಿನವರಲ್ಲಿ 49 ಸಾವು, ಸುಮಾರು 40 ಗಾಯ.

ಈ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಸಂಖ್ಯೆಯಲ್ಲಿ ನೋಡಿದರೆ ದಂಗೆಯವರು ಗೆದ್ದಿದ್ದಾರೆ, ಯುರೋಪಿನ ಒಳ್ಳೆಯ ಪಡೆಯೊಂದನ್ನು ಓಡಿಸಿದ್ದಾರೆ. ಇನ್ಯಾರಾದರೂ ಆಗಿದ್ದರೆ ತುತ್ತೂರಿ ಊದುತ್ತಿದ್ದರು. ಇವರು ಗೆಲುವನ್ನು ಹಿಂದಿಟ್ಟು 8 ಹೆಣಗಳನ್ನು ಮುಂದಿಟ್ಟರು. ನನ್ನ ದೃಷ್ಟಿಯಲ್ಲಿ 1775ರ ಇಡೀ ಪ್ರಚಾರದ ಗುಟ್ಟು ಇಲ್ಲಿದೆ. ಗೆದ್ದವರ ಕಥೆ ಕೇಳಿ ದೂರದ ವರ್ಜೀನಿಯಾದ ರೈತನಿಗೆ ‘ಭಲೇ’ ಅನ್ನಿಸಬಹುದು. ಮನೆ ಮುಂದೆ ಸತ್ತವರ ಕಥೆ ಕೇಳಿದರೆ ‘ನಾಳೆ ನನ್ನ ಸರದಿ’ ಅನ್ನಿಸುತ್ತದೆ.

ಇದರಲ್ಲಿ ಜಾಣ್ಮೆ ಎಷ್ಟು, ಕಾಕತಾಳೀಯ ಎಷ್ಟು ಅಂತ ಕೇಳಬಹುದು. ಎರಡೂ ಇದೆ. ಮೊದಲ ಪತ್ರವನ್ನು ವಾಟರ್‌ಟೌನ್‌ನಿಂದ ವಸಾಹತಿನ ಮುಖಂಡರಲ್ಲೊಬ್ಬನಾದ ಜೋಸೆಫ್ ಪಾಮರ್ ಬರೆದದ್ದು ಅದೇ ಬೆಳಿಗ್ಗೆ ಹತ್ತರ ಸುಮಾರಿಗೆ. ಕಾಂಕರ್ಡ್‌ನಲ್ಲಿ ಏನಾಯಿತು ಎಂದು ಅವನಿಗೆ ತಿಳಿಯದು. ಹಾಗಾಗಿ ಪತ್ರದಲ್ಲಿ ಇದ್ದದ್ದು ಲೆಕ್ಸಿಂಗ್ಟನ್ ಒಂದೇ: ಸಾವಿರ, ಸಾವಿರದಿನ್ನೂರು ಸೈನಿಕರು ಬಂದರು, ಕೆಣಕದೆ ಇದ್ದರೂ ನಮ್ಮ ಮಿಲಿಷಿಯಾದ ಮೇಲೆ ಗುಂಡು ಹಾರಿಸಿದರು, 6 ಜನ ಸತ್ತರು, 4 ಜನರಿಗೆ ಗಾಯ. ಅಂಕಿಗಳು ತಪ್ಪು. ಸೈನಿಕರು ಹೆಚ್ಚಾದರು, ಸತ್ತವರು ಕಡಿಮೆಯಾದರು. ಆದರೆ ಕಥೆಯ ಬೆನ್ನೆಲುಬು, ಅಂದರೆ ‘ಕೆಣಕದೆ ಇದ್ದರೂ’ ಎಂಬ ಮಾತು, ಸಂಜೆಯ ಗೆಲುವಿನ ಸುದ್ದಿ ಬರುವ ಮೊದಲೇ ರಸ್ತೆ ಹಿಡಿದಿತ್ತು.

ಆ ಪತ್ರ ಓಡಿದ ರೀತಿ ಸೊಗಸಾಗಿದೆ. ಸವಾರ ಒಂದು ಊರಿಗೆ ಬಂದ ಕೂಡಲೇ ಅಲ್ಲಿನ ಸಮಿತಿಯವರು ಪತ್ರವನ್ನು ನಕಲು ಮಾಡುತ್ತಾರೆ, ‘ಇದು ನಿಜ ಪ್ರತಿ’ ಎಂದು ಸಹಿ ಹಾಕುತ್ತಾರೆ, ಬಂದ ದಿನ, ಗಂಟೆ ಬರೆಯುತ್ತಾರೆ, ಮುಂದಿನ ಊರಿಗೆ ಕಳಿಸುತ್ತಾರೆ. ಏಪ್ರಿಲ್ 23ಕ್ಕೆ ನ್ಯೂಯಾರ್ಕ್, 24ರ ಸಂಜೆ ಫಿಲಡೆಲ್ಫಿಯಾ, ತಿಂಗಳ ಕೊನೆಗೆ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್. ಪ್ರತಿ ಊರಿನಲ್ಲೂ ಓದುವವನಿಗೆ ಸಿಗುವುದು ಬರೀ ಬೋಸ್ಟನ್ನಿನ ಅಪರಿಚಿತನ ಮಾತಲ್ಲ, ಪಕ್ಕದೂರಿನ ಪರಿಚಯದ ದೊಡ್ಡ ಮನುಷ್ಯನ ರುಜು. ನಮ್ಮ ಕಡೆ ಪಂಚನಾಮೆಗೆ ಊರಿನ ಐದು ಜನರ ಸಹಿ ಬೇಕು ಅನ್ನುತ್ತೇವಲ್ಲ, ಹಾಗೆ. ತಪ್ಪು ಅಂಕಿಗೂ ಆ ರುಜುಗಳಿಂದ ತೂಕ ಬಂತು ಅನ್ನುವುದನ್ನೂ ಮರೆಯಬಾರದು.

ಇನ್ನು ಪ್ರಮಾಣ ಹೇಳಿಕೆಗಳು. ಏಪ್ರಿಲ್ 22ರಂದು ಪ್ರಾಂತೀಯ ಕಾಂಗ್ರೆಸ್ ಒಂದು ಸಮಿತಿ ಮಾಡಿತು. ಮೂರು ನಾಲ್ಕು ದಿನದಲ್ಲಿ ನ್ಯಾಯಾಧಿಕಾರಿಗಳ ಮುಂದೆ ಹತ್ತಿರ ಹತ್ತಿರ ನೂರು ಜನರಿಂದ ಪ್ರಮಾಣ ಮಾಡಿಸಿ ಹೇಳಿಕೆ ಬರೆಸಿಕೊಂಡರು. ಕೆಲವು ಒಬ್ಬೊಬ್ಬರದು, ಕೆಲವು ಗುಂಪಿನದು. 34 ಜನ ಒಟ್ಟಿಗೆ ಸಹಿ ಹಾಕಿದ್ದೊಂದಿದೆ. ಅದರ ಒಂದು ವಾಕ್ಯ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ: ನಮಗೆ ತಿಳಿದಮಟ್ಟಿಗೆ, ಅವರು ನಮ್ಮ ಮೇಲೆ ಹಾರಿಸುವ ಮೊದಲು ನಮ್ಮ ತುಕಡಿಯ ಯಾರೂ ಸೈನಿಕರ ಮೇಲೆ ಗುಂಡು ಹಾರಿಸಲಿಲ್ಲ. ಪಾರ್ಕರ್ ಹೇಳಿದ್ದು, ‘ಚದುರಿ ಹೋಗಿ, ಹಾರಿಸಬೇಡಿ ಎಂದು ಅಪ್ಪಣೆ ಕೊಟ್ಟೆ’ ಎಂದು. ಬಹಳ ಜಾಣತನದ ಕೆಲಸವೆಂದರೆ ಸೆರೆಸಿಕ್ಕ ಇಂಗ್ಲಿಷ್ ಸೈನಿಕರ ಹೇಳಿಕೆಯನ್ನೂ ಸೇರಿಸಿದ್ದು. ಗಾಯಗೊಂಡು ಸಿಕ್ಕಿಬಿದ್ದ ಲೆಫ್ಟಿನೆಂಟ್ ಎಡ್ವರ್ಡ್ ಗೌಲ್ಡ್, ಯಾರು ಮೊದಲು ಹಾರಿಸಿದರೆಂದು ತಾನು ಸರಿಯಾಗಿ ಹೇಳಲಾರೆ ಎಂದ. ಅದನ್ನೂ ಹಾಗೆಯೇ ಅಚ್ಚು ಹಾಕಿದರು. ತಮಗೆ ಪೂರ್ತಿ ಒಪ್ಪದ ಒಂದು ಹೇಳಿಕೆ ಇದ್ದರೆ ಉಳಿದವಕ್ಕೆ ನಂಬಿಕೆ ಹೆಚ್ಚುತ್ತದೆ.

ಹೇಳಿಕೆಗಳ ಜೊತೆ ಬ್ರಿಟನ್ನಿನ ಜನರಿಗೆ ಬರೆದ ಪತ್ರ ಮಾತ್ರ ಅಷ್ಟು ಸಂಯಮದ್ದಲ್ಲ. ಬಾಣಂತಿಯರನ್ನು ಬೆತ್ತಲೆಯಾಗಿ ಬೀದಿಗೆ ಅಟ್ಟಿದರು ಎಂದು ಅದರಲ್ಲಿದೆ. ಪ್ರಮಾಣ ಮಾಡಿ ಹೇಳಿದ, ಹೆಸರುವಾಸಿಯಾದ ಹೇಳಿಕೆ ಮೆನೊಟಮಿಯ ಒಬ್ಬ ಬಾಣಂತಿಯದು. ಹಾಸಿಗೆಯಿಂದ ಎದ್ದು ಕೂಸನ್ನೆತ್ತಿಕೊಂಡು ಹೊರಗೆ ಹೋಗಬೇಕಾಯಿತು ಎಂದವಳು ಹೇಳಿದಳು. ಅಷ್ಟೇ ಸಾಕಾಗಿತ್ತು. ಆದರೆ ಪತ್ರ ಬರೆಯುವವನ ಕೈಯಲ್ಲಿ ಏಕವಚನ ಬಹುವಚನವಾಗುವುದು ಎಷ್ಟು ಹೊತ್ತು!

ಎದುರು ಕಡೆಯೂ ಇದನ್ನೇ ಮಾಡಿತು. ಕಾಂಕರ್ಡ್ ಸೇತುವೆಯ ಬಳಿ ಗಾಯಗೊಂಡು ಬಿದ್ದಿದ್ದ ಒಬ್ಬ ಸೈನಿಕನ ತಲೆಗೆ ಊರಿನ ಯುವಕನೊಬ್ಬ ಕೊಡಲಿಯಿಂದ ಹೊಡೆದ. ಅದು ನಡೆದದ್ದು ನಿಜ. ನೋಡಿದ ಸೈನಿಕರು ‘ತಲೆಯ ಚರ್ಮ ಸುಲಿದಿದ್ದಾರೆ’ ಎಂದು ಹೆದರಿದರು, ಸಂಜೆಗೆ ಅದು ಹಲವು ಸೈನಿಕರ ತಲೆಚರ್ಮ ಸುಲಿದ ಕಥೆಯಾಯಿತು. ಗೇಜ್ ಪ್ರಕಟಿಸಿದ ವರದಿಯಲ್ಲೂ ಅದು ಸೇರಿತು. ಮೆನೊಟಮಿಯ ಮನೆಗಳಲ್ಲಿ ಸೈನಿಕರು ತೋರಿಸಿದ ಕ್ರೌರ್ಯದ ಹಿಂದೆ ಆ ಗಾಳಿಮಾತಿನ ಪಾಲೂ ಇದೆ. ಜನರ ಭಾವನೆ ಎಂದರೆ ದಂಗೆಯವರದ್ದು ಮಾತ್ರವಲ್ಲ, ಸಿಪಾಯಿಯೂ ಜನವೇ.

ಈಗ ಹಡಗಿನ ಕಥೆ. ಗೇಜ್ ತನ್ನ ಅಧಿಕೃತ ವರದಿಯನ್ನು ಏಪ್ರಿಲ್ 24ರಂದು ಸುಕಿ ಎಂಬ ಸರಕಿನ ಹಡಗಿನಲ್ಲಿ ಕಳಿಸಿದ. ನಾಲ್ಕೈದು ದಿನ ತಡವಾಗಿ ಸೇಲಂ ಊರಿನ ಕ್ಯಾಪ್ಟನ್ ಜಾನ್ ಡರ್ಬಿ, ಕ್ವೆರೋ ಎಂಬ ಚಿಕ್ಕ ಹಾಯಿಹಡಗಿನಲ್ಲಿ ಒಂದು ಮೂಟೆ ಸರಕನ್ನೂ ಹೇರದೆ, ಪ್ರಮಾಣ ಹೇಳಿಕೆಗಳ ಕಟ್ಟು ಹಿಡಿದು ಹೊರಟ. ಎಲ್ಲಿಗೆ ಹೋಗುತ್ತಿದ್ದೇನೆಂದು ಯಾರಿಗೂ ಹೇಳಬಾರದು ಎಂದು ಅವನಿಗೆ ಕಟ್ಟಪ್ಪಣೆ. ಮೇ 28ಕ್ಕೆ ಲಂಡನ್ನಿನಲ್ಲಿದ್ದ. ಮರುದಿನದಿಂದ ಪತ್ರಿಕೆಗಳಲ್ಲಿ ಹೇಳಿಕೆಗಳು. ಮಂತ್ರಿ ಲಾರ್ಡ್ ಡಾರ್ಟ್‌ಮತ್ ‘ನಮಗೆ ಅಂಥ ಯಾವ ಸುದ್ದಿಯೂ ಬಂದಿಲ್ಲ’ ಎಂದು ಗೆಜೆಟ್ಟಿನಲ್ಲಿ ಪ್ರಕಟಿಸಬೇಕಾಯಿತು. ವಸಾಹತಿನ ಪ್ರತಿನಿಧಿ ಆರ್ಥರ್ ಲೀ ತಕ್ಷಣ ಉತ್ತರ ಕೊಟ್ಟ: ಅನುಮಾನ ಇದ್ದವರು ಲಾರ್ಡ್ ಮೇಯರ್ ಹತ್ತಿರ ಮೂಲ ಕಾಗದಗಳನ್ನು ನೋಡಬಹುದು. ಗೇಜ್‌ನ ವರದಿ ಬಂದದ್ದು ಜೂನ್ ಎರಡನೇ ವಾರದಲ್ಲಿ. ಅಷ್ಟರಲ್ಲಿ ಹತ್ತು ಹನ್ನೆರಡು ದಿನ ಲಂಡನ್ನಿನ ಕಾಫಿ ಅಂಗಡಿಗಳಲ್ಲಿ ಒಂದೇ ಕಥೆ ಓಡಾಡಿತ್ತು. ಆಮೇಲೆ ಬಂದ ಸರ್ಕಾರಿ ವರದಿ, ಎಷ್ಟೇ ನಿಜ ಇರಲಿ, ಸಮಜಾಯಿಷಿಯಂತೆ ಕೇಳಿಸಿತು. ಲೆಕ್ಸಿಂಗ್ಟನ್ನಿನಲ್ಲಿ ‘ಕೊಲೆಯಾದವರ’ ವಿಧವೆಯರಿಗೆಂದು 100 ಪೌಂಡ್ ಚಂದಾ ಎತ್ತಿದ್ದನ್ನು ಜಾನ್ ಹಾರ್ನ್ ಎಂಬಾತ ಪ್ರಕಟಿಸಿದ. ಆ ‘ಕೊಲೆ’ ಎಂಬ ಪದಕ್ಕಾಗಿ ಮುಂದೆ ಒಂದು ವರ್ಷ ಜೈಲು ಕಂಡ.

ಸುದ್ದಿ ಕಡಲು ದಾಟುವ ಮಾತು ಬಂತಲ್ಲ, ಸ್ವಲ್ಪ ದಾರಿ ತಪ್ಪುತ್ತೇನೆ. ಸುದ್ದಿ ಆ ದಿಕ್ಕಿನಲ್ಲಿ ಮಾತ್ರ ಹೋಗಲಿಲ್ಲ. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು, ಕರ್ನಲ್ ಬೇಲಿ ಎಂಬ ಇಂಗ್ಲಿಷ್ ಅಧಿಕಾರಿಯ ಪಡೆಯನ್ನು ಮುರಿದರು. ಎರಡು ವರ್ಷ ತುಂಬುವ ಮೊದಲೇ, 1782ರ ಏಪ್ರಿಲ್ 8ರಂದು, ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ಜನರಲ್ ಮಂಕ್ ಎಂಬ ಇಂಗ್ಲಿಷ್ ಯುದ್ಧನೌಕೆಯನ್ನು ಸೆರೆಹಿಡಿಯಿತು. ಹಿಡಿದ ಹಡಗಿನ ಹೆಸರು ಹೈದರ್ ಅಲಿ. ಮೈಸೂರಿನ ಹೆಸರು ಹೊತ್ತ ಹಡಗು, ಮೈಸೂರನ್ನು ಎಂದೂ ನೋಡದ ನಾವಿಕರು. ಹಿಂದಿನ ವರ್ಷ ಯಾರ್ಕ್‌ಟೌನ್‌ನಲ್ಲಿ ಶರಣಾಗಿದ್ದ ಕಾರ್ನ್‌ವಾಲಿಸ್ ಹತ್ತು ವರ್ಷದ ಮೇಲೆ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತ, ಅದು ನಿಮಗೇ ಗೊತ್ತು.

ಮರಳಿ ಮ್ಯಾಸಚೂಸೆಟ್ಸ್‌ಗೆ. ಐಸಾಯ ಥಾಮಸ್ ಎಂಬ ಮುದ್ರಕ ಕಾಳಗಕ್ಕೆ ಎರಡು ಮೂರು ದಿನ ಮೊದಲು ತನ್ನ ಅಚ್ಚಿನ ಯಂತ್ರವನ್ನು ಬೋಸ್ಟನ್ನಿನಿಂದ ರಾತ್ರೋರಾತ್ರಿ ಸಾಗಿಸಿ ವೂಸ್ಟರ್ ಊರಿಗೆ ಒಯ್ದಿದ್ದ. ಮೇ 3ರ ಸಂಚಿಕೆಯಲ್ಲಿ ‘ಅಮೆರಿಕನ್ನರೇ, ಲೆಕ್ಸಿಂಗ್ಟನ್ ಕಾಳಗವನ್ನು ಎಂದೆಂದಿಗೂ ನೆನಪಿಡಿ’ ಎಂದು ಶುರುಮಾಡಿದ. ಸೇಲಂನಲ್ಲಿ ಅಚ್ಚಾದ ಒಂದು ಹಾಳೆಯ ನೆತ್ತಿಯ ಮೇಲೆ ಕಪ್ಪು ಶವಪೆಟ್ಟಿಗೆಗಳ ಸಾಲು, ಒಟ್ಟು 40, ಸತ್ತವರ ಹೆಸರಿನೊಂದಿಗೆ. ಓದಲು ಬಾರದವನೂ ಪೆಟ್ಟಿಗೆ ಎಣಿಸಬಲ್ಲ. ಕಿತ್ತೂರಿನ 1824ರ ಅಕ್ಟೋಬರ್ 23ನ್ನು ನೆನೆಯಿರಿ. ಕಲೆಕ್ಟರ್ ಥ್ಯಾಕರೆ ಸತ್ತ ಮೊದಲ ಕಾಳಗ ಚೆನ್ನಮ್ಮನ ಗೆಲುವೇ. ಆದರೆ ಆ ಗೆಲುವನ್ನು ಹೊತ್ತು ತಿರುಗಲು ಅಲ್ಲಿ ಅಚ್ಚುಕೂಟ ಇರಲಿಲ್ಲ, ಊರೂರಿನ ಸಮಿತಿಗಳ ಜಾಲ ಇರಲಿಲ್ಲ. ಜನರ ನೆನಪು ಲಾವಣಿಯಲ್ಲಿ ಉಳಿಯಿತು, ಗಟ್ಟಿಯಾಗಿಯೇ ಉಳಿಯಿತು. ಆದರೆ ಲಾವಣಿ ಐದು ದಿನದಲ್ಲಿ ಮುನ್ನೂರು ಮೈಲಿ ಓಡುವುದಿಲ್ಲ, ಡಿಸೆಂಬರಿನಲ್ಲಿ ಕಂಪನಿ ದೊಡ್ಡ ದಂಡಿನೊಂದಿಗೆ ಮರಳಿ ಬರುವಷ್ಟರಲ್ಲಿ.

ಸುದ್ದಿ ಮುಟ್ಟಿದ ಕಡೆ ಏನಾಯಿತು? ನ್ಯೂಯಾರ್ಕ್‌ನಲ್ಲಿ ಜನ ನಗರಸಭೆಯ ಶಸ್ತ್ರಾಗಾರಕ್ಕೆ ನುಗ್ಗಿ ಕೋವಿ ಹೊತ್ತೊಯ್ದರು. ವರ್ಜೀನಿಯಾದಲ್ಲಿ ಗವರ್ನರ್ ಡನ್‌ಮೋರ್ ಏಪ್ರಿಲ್ 21ರ ಬೆಳಗಿನ ಜಾವವೇ ಮದ್ದಿನಮನೆಯಿಂದ ಮದ್ದು ಸಾಗಿಸಿದ್ದ. ಲೆಕ್ಸಿಂಗ್ಟನ್ನಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಒಂದು ವಾರದ ಮೇಲೆ ಲೆಕ್ಸಿಂಗ್ಟನ್ನಿನ ಸುದ್ದಿ ಬಂದಾಗ ಎರಡೂ ಒಂದೇ ಸಂಚಿನ ಎರಡು ಕೈಗಳಂತೆ ಕಂಡವು. ಸ್ಥಳೀಯ ಕುಂದುಕೊರತೆಯೊಂದು ಮೊದಲೇ ಇದ್ದ ಕಡೆ ದೂರದ ಕಾಳಗದ ಸುದ್ದಿ ಚೆನ್ನಾಗಿ ಹತ್ತಿಕೊಳ್ಳುತ್ತದೆ. ಬೋಸ್ಟನ್ ಸುತ್ತ ಕೆಲವೇ ದಿನದಲ್ಲಿ 15,000ಕ್ಕೂ ಹೆಚ್ಚು ಜನ ಬೀಡುಬಿಟ್ಟರು. ಹಾಗೆಂದು ಎಲ್ಲರೂ ಸ್ವಾತಂತ್ರ್ಯ ಬೇಕೆಂದರು ಎಂದು ತಿಳಿಯಬೇಡಿ. ಜುಲೈ 8ರಂದು ಕೂಡ ಫಿಲಡೆಲ್ಫಿಯಾದ ಕಾಂಗ್ರೆಸ್ಸಿನವರು ದೊರೆಗೆ ಸಂಧಾನದ ಅರ್ಜಿಗೆ ಸಹಿ ಹಾಕುತ್ತಿದ್ದರು. ಕೋಪ ಬಂದದ್ದು ಮಂತ್ರಿಗಳ ಮೇಲೆ, ಸೈನ್ಯದ ಮೇಲೆ. ದೊರೆಯ ಮೇಲೆ ಬರಲು ಆಗಸ್ಟ್ 23ರಂದು ಅವನೇ ಇವರನ್ನು ದಂಗೆಕೋರರೆಂದು ಸಾರಬೇಕಾಯಿತು.

ಎರಡನೆಯ ಕಾಳಗ ಬಂಕರ್ ಹಿಲ್, ಜೂನ್ 17. ಇದು ಬೇರೆಯದೇ ಭಾವನೆ ಹುಟ್ಟಿಸಿತು. ಹಿಂದಿನ ರಾತ್ರಿ ದಂಗೆಯವರ ಕರ್ನಲ್ ವಿಲಿಯಂ ಪ್ರೆಸ್ಕಾಟ್ ಸಾವಿರದಷ್ಟು ಜನರೊಂದಿಗೆ ಚಾರ್ಲ್ಸ್‌ಟೌನ್‌ನ ಬ್ರೀಡ್ಸ್ ದಿಣ್ಣೆಯ ಮೇಲೆ ಗುದ್ದಲಿ ಹಿಡಿದು ಬೆಳಗಾಗುವಷ್ಟರಲ್ಲಿ ಚೌಕಾಕಾರದ ಮಣ್ಣುಕೋಟೆ ಎಬ್ಬಿಸಿದ, ಒಂದೊಂದು ಬದಿ ಸುಮಾರು 40 ಮೀಟರ್. ಕಾಳಗದ ಹೆಸರೇ ತಪ್ಪು, ಬಂಕರ್ ದಿಣ್ಣೆ ಅದರ ಹಿಂದಿನದು. ಇಂಗ್ಲಿಷ್ ಜನರಲ್ ಹೋವ್ ಎರಡು ಸಾವಿರಕ್ಕೂ ಮಿಕ್ಕ ಸೈನಿಕರನ್ನು ಎದುರಿನಿಂದ ನುಗ್ಗಿಸಿದ. ಎರಡು ಸಲ ಸಾಲು ಮುರಿದು ಹಿಂದೆ ಬಂತು. ಮೂರನೆಯ ಸಲ ಮೇಲಿನವರ ಮದ್ದು ಖಾಲಿಯಾಗಿತ್ತು. ಬಂದೂಕಿಗೆ ಸಿಕ್ಕಿಸುವ ಈಟಿಮೊನೆಯೂ ಬಹುಪಾಲು ಜನರ ಬಳಿ ಇರಲಿಲ್ಲ, ಕಲ್ಲಿನಲ್ಲೂ ಕೋವಿಯ ಹಿಡಿಯಲ್ಲೂ ಬಡಿದಾಡಿ ಓಡಿದರು. ಪ್ರಾಂತೀಯ ಕಾಂಗ್ರೆಸ್ಸಿನ ಅಧ್ಯಕ್ಷ, ವೈದ್ಯ ಜೋಸೆಫ್ ವಾರೆನ್ ಅಲ್ಲೇ ಸತ್ತ. ಚಾರ್ಲ್ಸ್‌ಟೌನ್ ಪೂರ್ತಿ ಸುಟ್ಟುಹೋಯಿತು. ದಿಣ್ಣೆ ಇಂಗ್ಲಿಷರದಾಯಿತು, ಬೆಲೆ 226 ಸಾವು, 828 ಗಾಯ. ಲೆಕ್ಸಿಂಗ್ಟನ್ನಿನ ಪಿಟ್‌ಕೇರ್ನ್ ಸತ್ತವರಲ್ಲೊಬ್ಬ.

ದಂಗೆಯವರ ಪಾಳೆಯದಲ್ಲಿ ಮೊದಲ ದಿನಗಳಲ್ಲಿ ಯಾರೂ ಸಂಭ್ರಮಿಸಲಿಲ್ಲ. ಸೋತೆವು, ಯಾರ ತಪ್ಪು ಎಂಬ ಹುಡುಕಾಟ. ಸಹಾಯಕ್ಕೆ ಜನ ಏಕೆ ಬರಲಿಲ್ಲ, ಫಿರಂಗಿಯವರು ಏಕೆ ಓಡಿದರು? ಕ್ಯಾಪ್ಟನ್ ಜಾನ್ ಕ್ಯಾಲೆಂಡರ್ ಎಂಬ ಫಿರಂಗಿ ಅಧಿಕಾರಿಯನ್ನು ಹೇಡಿತನಕ್ಕಾಗಿ ವಜಾ ಮಾಡಿದರು. ಅವನು ಸಾಮಾನ್ಯ ಸಿಪಾಯಿಯಾಗಿ ಮತ್ತೆ ಸೇರಿ ಮರುವರ್ಷ ಚೆನ್ನಾಗಿ ಕಾದಿ ಹುದ್ದೆ ಮರಳಿ ಪಡೆದ. ಭಾವನೆ ತಿರುಗಿದ್ದು ಶತ್ರುವಿನ ಸಾವುನೋವಿನ ಪಟ್ಟಿ ಹೊರಬಿದ್ದ ಮೇಲೆ. ಇದೇ ಬೆಲೆಗೆ ಇನ್ನೊಂದು ದಿಣ್ಣೆ ಮಾರಲು ಸಿದ್ಧ ಎಂದು ದಂಗೆಯವರ ಸೇನಾನಿ ನಥಾನಿಯೆಲ್ ಗ್ರೀನ್ ಬರೆದ. ಲೆಕ್ಸಿಂಗ್ಟನ್ ‘ನಮಗೆ ಅನ್ಯಾಯವಾಯಿತು’ ಎಂದು ಹೇಳಿಕೊಟ್ಟಿತ್ತು, ಬಂಕರ್ ಹಿಲ್ ‘ನಮ್ಮ ಕೈಲಾಗುತ್ತದೆ’ ಎಂದು ಹೇಳಿಕೊಟ್ಟಿತು.

ಈ ಎರಡನೆಯ ಪಾಠದಲ್ಲಿ ವಿಷವೂ ಇತ್ತು. ಗೋಡೆಯ ಹಿಂದೆ ನಿಂತು ಹೊಡೆಯುವ ರೈತ ಯಾವ ಸಿಪಾಯಿಗೂ ಕಡಿಮೆಯಿಲ್ಲ, ತರಬೇತಿ ಬೇಡ, ದೀರ್ಘ ಸೇವೆ ಬೇಡ ಎಂಬ ನಂಬಿಕೆ ಹರಡಿತು. ಜುಲೈನಲ್ಲಿ ದಂಗೆಯವರ ಸೇನಾಪತಿಯಾಗಿ ಬಂದ ವಾಷಿಂಗ್ಟನ್‌ಗೆ ಮದ್ದು 308 ಪೀಪಾಯಿ ಇದೆ ಎಂದು ಲೆಕ್ಕ ಕೊಟ್ಟಿದ್ದರು. ಆಗಸ್ಟಿನಲ್ಲಿ ನೋಡಿದರೆ 36. ಒಬ್ಬೊಬ್ಬನ ಪಾಲಿಗೆ ಹತ್ತು ಗುಂಡೂ ಬಾರದಷ್ಟು. ಅರ್ಧ ಗಂಟೆ ಅವನ ಬಾಯಿಂದ ಮಾತೇ ಹೊರಡಲಿಲ್ಲವಂತೆ. ಜನರ ಕರಾರು ಡಿಸೆಂಬರಿಗೆ ಮುಗಿಯುತ್ತಿತ್ತು. ಕನೆಕ್ಟಿಕಟ್‌ನವರು ದಿನ ತುಂಬುವ ಮೊದಲೇ ಮನೆ ಕಡೆ ಹೊರಟರು. ಇಷ್ಟು ಸಾರ್ವಜನಿಕ ಕಾಳಜಿಯ ಬರಗಾಲವನ್ನು ಕಂಡಿಲ್ಲ ಎಂದು ವಾಷಿಂಗ್ಟನ್ ನವೆಂಬರ್ ಕೊನೆಯಲ್ಲಿ ಬರೆದ. ಹೊಸ ವರ್ಷದ ಸೈನ್ಯಕ್ಕೆ ಹೆಸರು ಕೊಟ್ಟವರು ಹತ್ತು ಸಾವಿರ ಮುಟ್ಟಲಿಲ್ಲ. ಏಪ್ರಿಲ್‌ನಲ್ಲಿ ಎರಡು ದಿನದಲ್ಲಿ ಓಡಿ ಬಂದಿದ್ದವರ ಸಂಖ್ಯೆಯೇ ಅದಕ್ಕಿಂತ ಹೆಚ್ಚು. ಕೋಪ ಜನರನ್ನು ರಸ್ತೆಗೆ ತರುತ್ತದೆ. ಚಳಿಗಾಲದಲ್ಲಿ ಡೇರೆಯಲ್ಲಿ ಕೂರಿಸಲು ಸಂಬಳ, ಕಂಬಳಿ, ಮದ್ದು ಬೇಕು.

ಈಗ ಆ 34 ಜನರ ವಾಕ್ಯಕ್ಕೆ ಬರುತ್ತೇನೆ. ಐವತ್ತು ವರ್ಷ ಕಳೆಯಿತು. 1825ರ ಹೊತ್ತಿಗೆ ದೇಶ ಸ್ವತಂತ್ರ, ದೊರೆಯ ಸೈನಿಕರ ಮೇಲೆ ಹಾರಿಸಿದ್ದು ಅಪರಾಧವಲ್ಲ, ಹೆಮ್ಮೆ. ಕಾಂಕರ್ಡ್‌ನವರು ‘ಮೊದಲು ಎದುರಿಸಿದ್ದು ನಾವು, ಲೆಕ್ಸಿಂಗ್ಟನ್ನಿನವರು ಸುಮ್ಮನೆ ಸತ್ತರು’ ಎನ್ನತೊಡಗಿದರು. ಲೆಕ್ಸಿಂಗ್ಟನ್ನಿಗೆ ಕೆರಳಿತು. ಬದುಕುಳಿದಿದ್ದ ಮುದುಕರನ್ನು ಕೂರಿಸಿ ಮತ್ತೆ ಪ್ರಮಾಣ ಮಾಡಿಸಿದರು. ಈ ಸಲ ಅವರು ಹೇಳಿದ್ದು: ನಾವೂ ತಿರುಗಿ ಹಾರಿಸಿದೆವು. ಪಾರ್ಕರ್ ‘ಅಲುಗಾಡಬೇಡಿ, ಯುದ್ಧವೇ ಬೇಕೆಂದರೆ ಇಲ್ಲೇ ಶುರುವಾಗಲಿ’ ಎಂದನೆಂದು ಈಗ ಕಲ್ಲಿನಲ್ಲಿ ಕೆತ್ತಿರುವ ಮಾತು ಕೂಡ ದಶಕಗಳ ನಂತರದ ನೆನಪು. ‘ಚದುರಿ ಹೋಗಿ ಎಂದೆ’ ಎಂದು ಪ್ರಮಾಣ ಮಾಡಿದ್ದ ಪಾರ್ಕರ್ 1775ರ ಸೆಪ್ಟೆಂಬರಿನಲ್ಲೇ ಕ್ಷಯದಿಂದ ತೀರಿಕೊಂಡಿದ್ದ, ಕೇಳುವಂತಿರಲಿಲ್ಲ.

ಮುದುಕರು ಸುಳ್ಳು ಹೇಳಿದರೇ? 1775ರ ವಾಕ್ಯವನ್ನು ಮತ್ತೆ ಓದಿ. ‘ಅವರು ನಮ್ಮ ಮೇಲೆ ಹಾರಿಸುವ ಮೊದಲು’ ಯಾರೂ ಹಾರಿಸಲಿಲ್ಲ. ಆಮೇಲಿನದರ ಬಗ್ಗೆ ಆ ವಾಕ್ಯ ತುಟಿ ಬಿಚ್ಚಿಲ್ಲ. ಬರೆಸಿಕೊಂಡವರು ಕೇಳಿರಲಿಲ್ಲ, ಹೇಳಿದವರಿಗೆ ಆಗ ಹೇಳುವ ಅಗತ್ಯ ಇರಲಿಲ್ಲ. ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೂ ಇದು ಕಾಣುತ್ತದೆ. 1775ರ ಕೊನೆಯಲ್ಲಿ ಏಮಸ್ ಡೂಲಿಟಲ್ ಕೊರೆದ ಅಚ್ಚಿನಲ್ಲಿ ಲೆಕ್ಸಿಂಗ್ಟನ್ನಿನವರು ದಿಕ್ಕಾಪಾಲಾಗಿ ಓಡುತ್ತಿದ್ದಾರೆ, ಒಬ್ಬನ ಕೋವಿಯಿಂದಲೂ ಹೊಗೆ ಇಲ್ಲ. 1830ರ ಸುಮಾರಿನ ಕಲ್ಲಚ್ಚಿನಲ್ಲಿ ಕೆಲವರು ಓಡುತ್ತಿದ್ದಾರೆ, ಕೆಲವರು ಹಾರಿಸುತ್ತಿದ್ದಾರೆ. 1886ರಲ್ಲಿ ಹೆನ್ರಿ ಸ್ಯಾಂಡ್‌ಹ್ಯಾಮ್ ಬರೆದ ದೊಡ್ಡ ವರ್ಣಚಿತ್ರದಲ್ಲಿ ಸಾಲು ಗಟ್ಟಿಯಾಗಿ ನಿಂತಿದೆ, ಓಡುವವನು ಒಬ್ಬನೂ ಇಲ್ಲ.